ಮೋಟಾರಿನ ದಮ್ಮು

ಸತ್ಯಮ್ಮ ಸತ್ಯನಾರಾಯಣಪೇಟೆಯ ಆ ಓಣಿಗೆ ಬಂದಾಗ ನಳದಲ್ಲಿ ನೀರು ಬಿಟ್ಟಿದ್ದರು. ಕೊಡ ಹಿಡಿದು ನಿಂತ ಹೆಂಗಸರೆಲ್ಲ ನೋಡುತ್ತಿರುವಾಗಲೇ ಅವಳು ಕರೀಮಸಾಬರ ಮೋಟಾರ್ ವೈಂಡಿಂಗ್ ಅಂಗಡಿಯ ಮುಂದೆ ನಿಂತು, ಸೆರಗಿನಲ್ಲಿ ಕಟ್ಟಿ ತಂದಿದ್ದ ಅದಿರಿನ ಕಲ್ಲನ್ನು ತೆಗೆದು ಬೋರ್ಡಿಗೆ ಬೀಸಿ ಒಗೆದಳು. ತಗಡು ಧಡ್ಡೆಂದು ಸದ್ದು ಮಾಡಿ ಒಂದು ಕಡೆ ಜೋತುಬಿತ್ತು.

ಆಸ್ಫಿಯಾ ಹೊರಗೆ ಬಂದಳು. ಕರೀಮಸಾಬರ ಮಗಳು ಅವಳು, ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದವಳು. ಅಂಗಡಿಯಲ್ಲಿ ತಂತಿ ಸುತ್ತುವ ಕೆಲಸ ಅಣ್ಣ ನಾಸಿರನದು, ಸುತ್ತಿದ್ದನ್ನು ಪರೀಕ್ಷೆ ಮಾಡುವುದು ಇವಳದು. ಇವಳು ಸೈ ಅನ್ನದೆ ಯಾವ ಮೋಟಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಮಾತು ಒರಟು, ಸಿಟ್ಟು ಮೂಗಿನ ತುದಿಯಲ್ಲೇ. ಗಿರಾಕಿಗಳು ನಾಸಿರನ ಹತ್ತಿರ ಹರಟುತ್ತಿದ್ದರೇ ಹೊರತು ಇವಳ ಹತ್ತಿರ ಬರುತ್ತಿರಲಿಲ್ಲ.

"ನನ್ನ ಗಂಡನ ಕಾಲು ತಿಂದಿಯಲ್ಲ, ನಿನ್ನ ಕೈ ಸೇದಿಹೋಗ್ಲಿ," ಎಂದಳು ಸತ್ಯಮ್ಮ. ಕೂಗಲಿಲ್ಲ, ಹತ್ತಿರ ಬಂದು ಮುಖಕ್ಕೆ ಮುಖ ಕೊಟ್ಟು ಹೇಳಿದಳು. "ದಮ್ಮಿಲ್ಲದ ಮೋಟಾರು ಕಟ್ಟಿ ಕಳಿಸೀರಿ. ಆಸ್ಪತ್ರಿಯಾಗ ಹೋಗಿ ನೋಡು, ಮೊಣಕಾಲಿನ ಕೆಳಗ ಏನೂ ಉಳಿದಿಲ್ಲ."

ಕುರುಗೋಡಿನ ಕಡೆ ದೊಡ್ಡಬಸಪ್ಪ ಎಂಬ ಧಣಿಯ ಅದಿರಿನ ಕ್ರಷರ್ ಇತ್ತು. ಅಲ್ಲಿ ಪುಡಿಯಾದ ಅದಿರನ್ನು ರಾಶಿಯ ಮೇಲಕ್ಕೆ ಒಯ್ಯುವ ಇಳಿಜಾರು ಬೆಲ್ಟು. ಆ ಬೆಲ್ಟನ್ನು ಎಳೆಯುವ ಮೂವತ್ತು ಎಚ್.ಪಿ. ಮೋಟಾರು ಸುಟ್ಟಾಗ ಹೊಸದಾಗಿ ತಂತಿ ಸುತ್ತಿ ಕೊಟ್ಟದ್ದು ಇದೇ ಅಂಗಡಿ. ಅದನ್ನು ಕೂರಿಸಿದ ಮೇಲೆ ಒಂದು ದಿನ ತುಂಬಿದ ಬೆಲ್ಟು ನಿಂತುಬಿಟ್ಟಿತು. ಎಷ್ಟು ಸಲ ಬಟನ್ ಒತ್ತಿದರೂ ಮೋಟಾರು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ಭಾರ ಇಳಿಸಲಿ ಎಂದು ಕೂಲಿಯವರನ್ನು ಸಲಿಕೆ ಕೊಟ್ಟು ಬೆಲ್ಟಿನ ಮೇಲೆ ಹತ್ತಿಸಿದರು. ಅದಿರು ಅರ್ಧ ಇಳಿದಿರುವಾಗ ಮತ್ತೆ ಬಟನ್ ಒತ್ತಿದರು. ಈ ಸಲ ಬೆಲ್ಟು ಜಗ್ಗನೆ ಹೊರಟಿತು. ಉಳಿದವರು ಹಾರಿಕೊಂಡರು. ಸತ್ಯಮ್ಮನ ಗಂಡ ದುರುಗಪ್ಪ ಮೇಲಿನ ರೋಲರಿನ ಹತ್ತಿರ ಇದ್ದ, ಅವನಿಗೆ ಆಗಲಿಲ್ಲ, ಕಾಲು ಸಿಕ್ಕಿಕೊಂಡಿತು.

ಮೋಟಾರಿಗೆ ದಮ್ಮಿರಲಿಲ್ಲ, ಅದಕ್ಕೇ ಬೆಲ್ಟು ನಿಂತದ್ದು, ಅದಕ್ಕೇ ಜನ ಹತ್ತಬೇಕಾಯಿತು, ತಪ್ಪೆಲ್ಲ ವೈಂಡಿಂಗ್ ಅಂಗಡಿಯದು ಎಂದು ಕ್ರಷರಿನಿಂದ ಸುದ್ದಿ ಹೊರಟಿತ್ತು. ಆ ಸುದ್ದಿ ಹೊರಡಿಸಿದವನು ಯಾರೆಂದು ಆಸ್ಫಿಯಾಗೆ ಯಾರೂ ಹೇಳಬೇಕಾಗಿರಲಿಲ್ಲ. ಕ್ರಷರಿನ ಕರೆಂಟಿನ ಉಸ್ತುವಾರಿ ಕರಿಬಸವನದು.

ಕರಿಬಸವ ಮೊದಲು ಇದೇ ಅಂಗಡಿಯಲ್ಲಿದ್ದವನು. ಸಿರುಗುಪ್ಪದ ಹುಡುಗ, ಅವಳ ಹಾಗೆಯೇ ಡಿಪ್ಲೊಮಾ ಓದಿದವನು. ಸುತ್ತಿದ ಮೋಟಾರನ್ನು ಖಾಲಿ ತಿರುಗಿಸಿ, ಆಂಪಿಯರ್ ನೋಡಿ ಕಳಿಸುವುದು ಆಗ ಬಳ್ಳಾರಿಯ ಎಲ್ಲ ಅಂಗಡಿಗಳ ಪದ್ಧತಿ. ಖಾಲಿ ತಿರುಗುವ ಮೋಟಾರು ಭಾರ ಹೊತ್ತಾಗ ಏನು ಮಾಡುತ್ತದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕರಿಬಸವ ತನ್ನೂರಿನ ಹಳೆಯ ಅಕ್ಕಿ ಗಿರಣಿಯೊಂದರಿಂದ ಅಗಲವಾದ ಎರಕದ ಚಕ್ರ ತಂದ. ತಿಕ್ಕಾಟದ ಬಿಸಿ ತಣಿಸಲು ಆಸ್ಫಿಯಾ ಅದರ ಒಳಗೆ ನೀರು ನಿಲ್ಲುವ ಹಾಗೆ ಅಂಚು ಕಟ್ಟಿಸಿದಳು. ಚಕ್ರವನ್ನು ಮೋಟಾರಿನ ಶಾಫ್ಟಿಗೆ ಕೂರಿಸಿ, ಮೇಲೆ ಪಟ್ಟಾ ಹಾಯಿಸಿ, ಪಟ್ಟಾದ ಎರಡೂ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿದರು. ತಿರುಗುವ ಚಕ್ರ ಪಟ್ಟಾವನ್ನು ಒಂದು ಕಡೆಗೆ ಎಳೆಯುತ್ತದೆ. ಎರಡು ತಕ್ಕಡಿಗಳ ವ್ಯತ್ಯಾಸವನ್ನು ಚಕ್ರದ ಅರ್ಧ ಅಗಲದಿಂದ ಗುಣಿಸಿದರೆ ಮೋಟಾರು ತಿರುಚುವ ಬಲ ಸಿಗುತ್ತದೆ. ಪುಸ್ತಕದಲ್ಲಿ ಅದರ ಹೆಸರು ಟಾರ್ಕ್. ಅಂಗಡಿಯಲ್ಲಿ ಎಲ್ಲರೂ ದಮ್ಮು ಅನ್ನುತ್ತಿದ್ದರು.

ಆ ಬೆಂಚು ಬಂದ ಮೇಲೆ ಗಣಿಯವರೆಲ್ಲ ಇವರಲ್ಲಿಗೇ ಬರತೊಡಗಿದರು. ಊರಿನ ತುಂಬ ಕೆಂಪು ಧೂಳೆಬ್ಬಿಸಿ ಅದಿರಿನ ಲಾರಿಗಳು ಓಡಾಡುತ್ತಿದ್ದ ಕಾಲ, ಮೋಟಾರುಗಳು ಸಾಲಿನಲ್ಲಿ ಕಾಯುತ್ತಿದ್ದವು. ಅಂಗಡಿಯಲ್ಲಿ ಪಾಲು ಕೊಡುತ್ತೇನೆಂದು ಕರೀಮಸಾಬ್ ಕರಿಬಸವನಿಗೆ ಮಾತು ಕೊಟ್ಟಿದ್ದರು. ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ ಅಣ್ಣ ತಂಗಿ ಆ ಮಾತನ್ನು ನಡೆಸಲಿಲ್ಲ. ಕರಿಬಸವ ಕೇಳಿದಾಗ ನಾಸಿರ ಏನೋ ಸಬೂಬು ಹೇಳಿದ. ಆಸ್ಫಿಯಾ ಸಬೂಬೂ ಹೇಳಲಿಲ್ಲ; ಗಿರಾಕಿಗಳ ಎದುರಿಗೇ, ಕೂಲಿ ತಗೊಂಡವರಿಗೆ ಪಾಲೆಲ್ಲಿಂದ ಬರುತ್ತದೆ ಎಂದುಬಿಟ್ಟಳು. ಅವನು ಅಂದೇ ಬಿಟ್ಟುಹೋದ. ದೊಡ್ಡಬಸಪ್ಪನ ಕ್ರಷರಿಗೆ ಸೇರಿದ ಮೇಲೆ, ಕರೀಮಸಾಬರ ಅಂಗಡಿಯಿಂದ ಬರುವ ಪ್ರತಿ ಮೋಟಾರಿನಲ್ಲೂ ಒಂದಲ್ಲ ಒಂದು ಹುಳುಕು ಹಿಡಿಯುವುದೇ ಅವನ ಕೆಲಸವಾಯಿತು.

ಸತ್ಯಮ್ಮ ಬಂದು ಹೋದ ದಿನವೇ ಅವನು ಪಿಕಪ್ ಗಾಡಿಯಲ್ಲಿ ಆ ಮೋಟಾರನ್ನು ಹೇರಿಕೊಂಡು ಬಂದ. ಸತ್ಯಮ್ಮನ ಕಡೆಯ ನಾಲ್ಕಾರು ಜನರೂ ಗಾಡಿಯಲ್ಲಿದ್ದರು, ಅವಳೂ ಇದ್ದಳು. ವೈಂಡಿಂಗ್ ಕೆಟ್ಟಿತ್ತೆಂದು ಅಂಗಡಿಯವರು ಇವರ ಮುಂದೆ ಒಪ್ಪಿಕೊಂಡರೆ ಮುಗಿಯಿತು, ಧಣಿ ಮುಂದಿನದನ್ನು ನೋಡಿಕೊಳ್ಳುತ್ತಾರೆ ಎಂದ. ನಾಸಿರ ತಂಗಿಯನ್ನು ಒಳಗೆ ಕರೆದು, ಒಪ್ಪಿಕೊಂಡುಬಿಡೋಣ, ಗಣಿಯವರನ್ನು ಎದುರು ಹಾಕಿಕೊಂಡು ಈ ಊರಲ್ಲಿ ಬದುಕಲಾಗುವುದಿಲ್ಲ ಎಂದ. ಅವಳು ಹೊರಗೆ ಬಂದು, ಮೋಟಾರನ್ನು ಬೆಂಚಿನ ಮೇಲೆ ಇಡಿರಿ ಎಂದು ಗಾಡಿಯವರಿಗೆ ಹೇಳಿದಳು.

ಚಕ್ರ ಕೂರಿಸಿದರು, ನೀರು ಬಿಟ್ಟರು, ಪಟ್ಟಾ ಬಿಗಿದರು. ಮೋಟಾರು ಹೊರಟು, ಪಟ್ಟಾ ಬಿಗಿಯಾದ ಹಾಗೆಲ್ಲ ಒಂದು ತಕ್ಕಡಿಯ ಮುಳ್ಳು ಏರುತ್ತ ಹೋಯಿತು. ಚಕ್ರದ ನೀರು ಕುದಿದು ಆವಿ ಎದ್ದಿತು. ಎರಡು ಮುಳ್ಳುಗಳ ನಡುವೆ ಅರವತ್ತು ಕಿಲೋ ಅಂತರ ಬಂದಾಗ ಆಸ್ಫಿಯಾ ವೇಗ ನೋಡಿ, ಮೂವತ್ತು ಎಚ್.ಪಿ.ಗೆ ಎಷ್ಟು ಬರಬೇಕೋ ಅಷ್ಟೂ ಬಂತು, ನೋಡಿಕೊಳ್ಳಿರಿ ಎಂದು ಬಂದವರಿಗೆ ತೋರಿಸಿದಳು.

"ಇದು ಓಡೋ ಮೋಟಾರಿನ ದಮ್ಮು," ಎಂದ ಕರಿಬಸವ. "ನಮ್ಮ ಬೆಲ್ಟು ನಿಂತಲ್ಲಿಂದ ಎಬ್ಬಿಸಬೇಕು. ನಿಂತಾಗಿನ ದಮ್ಮು ತೋರಿಸ್ರಿ."

ಅದೂ ಸರಿಯಾದ ಮಾತೇ. ನಿಂತ ಮೋಟಾರಿನ ಬಲ ನೋಡುವ ಪದ್ಧತಿ ಬೇರೆ. ಶಾಫ್ಟಿಗೆ ಸನಿಕೆ, ಅಂದರೆ ಹಾರೆಯಂಥ ಉದ್ದನೆಯ ಕಬ್ಬಿಣದ ಸರಳು, ಬಿಗಿದು, ಅದರ ತುದಿಯನ್ನು ತೂಕದ ಕಾಟಾದ ಮೇಲೆ ಕೂರಿಸಿ, ತಿರುಗಲು ಬಿಡದೆ ಕ್ಷಣ ಹೊತ್ತು ಕರೆಂಟು ಕೊಡುವುದು. ಸನಿಕೆ ಕಾಟಾವನ್ನು ಎಷ್ಟು ಒತ್ತುತ್ತದೋ ಅಷ್ಟು ದಮ್ಮು. ಆದರೆ ನಿಂತ ಮೋಟಾರು ಬಾಯಿ ತೆರೆದು ಕರೆಂಟು ಕುಡಿಯುತ್ತದೆ. ಪೂರ್ತಿ ವೋಲ್ಟೇಜ್ ಕೊಟ್ಟರೆ ಓಣಿಯ ಫ್ಯೂಜುಗಳೆಲ್ಲ ಹಾರುತ್ತವೆ. ಅದಕ್ಕೆ ಆಸ್ಫಿಯಾ ಅರ್ಧ ವೋಲ್ಟೇಜ್ ಕೊಟ್ಟು ಅಳೆದು, ಬಂದದ್ದನ್ನು ನಾಲ್ಕರಿಂದ ಗುಣಿಸುತ್ತಿದ್ದಳು. ವೋಲ್ಟೇಜ್ ಅರ್ಧವಾದರೆ ದಮ್ಮು ಕಾಲು ಭಾಗಕ್ಕೆ ಇಳಿಯುತ್ತದೆ. ಈಗಲೂ ಹಾಗೆಯೇ ಮಾಡಿ ತೋರಿಸಿದಳು. ಒಂದು ಮೀಟರ್ ಸನಿಕೆಯ ತುದಿಯಲ್ಲಿ ಏಳೂವರೆ ಕಿಲೋ ಬಂತು. ಪೂರ್ತಿ ವೋಲ್ಟೇಜಿಗೆ ಮೂವತ್ತು ಎಂದಳು. ತುಂಬಿದ ಬೆಲ್ಟನ್ನು ಎಬ್ಬಿಸಲು ಇಪ್ಪತ್ತು ಬೇಕು ಎಂದು ಕರಿಬಸವನೇ ಹಿಂದೆ ಲೆಕ್ಕ ಹಾಕಿ ಕಳಿಸಿದ್ದ.

ಕರಿಬಸವ ಜನರ ಕಡೆ ತಿರುಗಿ ನಕ್ಕ. "ಏಳೂವರಿ ಬಂತು, ಮೂವತ್ತು ಅಂತಾರ. ಗುಣಾಕಾರದಾಗ ಬೆಲ್ಟು ಎಳೀತಾರ ಇವರು. ದಮ್ಮಿದ್ರ ನಮ್ಮ ಅಂಗಳಕ್ಕ ಬಂದು, ಪೂರಾ ಕರೆಂಟಿಗೆ ತೋರಿಸ್ಲಿ."

"ಬರ್ತೀನಿ," ಎಂದಳು ಆಸ್ಫಿಯಾ. "ನಾಳೆನೇ ಬರ್ತೀನಿ. ಸನಿಕಿನೂ ನಂದು, ಕಾಟಾನೂ ನಂದು. ಸತ್ಯಮ್ಮ, ನೀನೂ ಅಲ್ಲೇ ಇರಬೇಕು."

ಅಂಗಳಕ್ಕೆ ಬರಲಿ ಎಂಬುದು ಕರಿಬಸವ ಸಿಟ್ಟಿನಲ್ಲಿ ಆಡಿದ ಮಾತು, ಆಸ್ಫಿಯಾ ಅದನ್ನು ಹೀಗೆ ಹಿಡಿದುಕೊಳ್ಳುತ್ತಾಳೆಂದು ಅವನು ಎಣಿಸಿರಲಿಲ್ಲ. ಇಷ್ಟು ಜನರ ಮುಂದೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗೂ ಇರಲಿಲ್ಲ.

ಮರುದಿನ ಅಣ್ಣ ತಂಗಿ ಕುರುಗೋಡಿನ ರಸ್ತೆ ಹಿಡಿದರು. ಮೋಟಾರು, ಸನಿಕೆ, ಕಾಟಾ ಎಲ್ಲ ಟೆಂಪೋದ ಹಿಂದೆ ಕುಣಿಯುತ್ತಿದ್ದವು. ಕ್ರಷರ್ ಮುಟ್ಟಿದಾಗ ಕೆಲಸ ಜೋರಾಗಿ ನಡೆದಿತ್ತು. ಹಳೆಯ ಸಾಲಿನ ಪಕ್ಕದಲ್ಲೇ ಧಣಿ ಆ ವರ್ಷ ಹೊಸ ಸಾಲೊಂದನ್ನು ಹಾಕಿಸಿದ್ದ. ದೊಡ್ಡ ಕ್ರಷರ್, ಉದ್ದನೆಯ ಬೆಲ್ಟು, ಬೆಲ್ಟಿನ ಪಕ್ಕದುದ್ದಕ್ಕೂ ಹಳದಿ ಹಗ್ಗ. ಯಾರಾದರೂ ಸಿಕ್ಕಿಕೊಂಡರೆ ಆ ಹಗ್ಗ ಎಳೆದರೆ ಸಾಕು, ಇಡೀ ಸಾಲು ನಿಲ್ಲುತ್ತದೆ. ದುರುಗಪ್ಪ ಸಿಕ್ಕಿಕೊಂಡ ಹಳೆಯ ಬೆಲ್ಟಿಗೆ ಅಂಥ ಹಗ್ಗ ಇರಲಿಲ್ಲ.

ದೊಡ್ಡಬಸಪ್ಪನೂ ಬಂದಿದ್ದ. ಪಾರ್ವತಿನಗರದ ಮನೆಯಿಂದ ಹೊಸ ಕಾರಿನಲ್ಲಿ ಬಂದು, ಮೂಗಿಗೆ ಕರವಸ್ತ್ರ ಹಿಡಿದು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ. ಬೇಗ ಮುಗಿಸಿರಿ, ಲಾರಿಗಳು ಕಾಯುತ್ತಿವೆ ಎಂದ. ಸತ್ಯಮ್ಮ ಕೂಲಿಯವರ ನಡುವೆ ನಿಂತಿದ್ದಳು. ಅವಳೂ ಇದೇ ಕ್ರಷರಿನಲ್ಲಿ ಕಲ್ಲು ಆರಿಸುವ ಕೆಲಸದವಳು, ಹದಿನೈದು ದಿನದಿಂದ ಆಸ್ಪತ್ರೆ ಹಿಡಿದು ಕೆಲಸ ಬಿಟ್ಟಿದ್ದಳು.

ಆಸ್ಫಿಯಾ ಮೋಟಾರನ್ನು ಅದರ ಜಾಗದಲ್ಲೇ ಬೋಲ್ಟು ಹಾಕಿ ಬಿಗಿಸಿದಳು, ಶಾಫ್ಟಿಗೆ ಸನಿಕೆ ಕಟ್ಟಿಸಿದಳು. ಸನಿಕೆಯ ತನ್ನದೇ ಭಾರ ಲೆಕ್ಕಕ್ಕೆ ಬರಬಾರದೆಂದು ಕಾಟಾವನ್ನು ಸೊನ್ನೆಗೆ ತಂದಳು. ಬಟನ್ನಿನ ಹತ್ತಿರ ಕರಿಬಸವ ನಿಂತ. ಅವಳು ಕೈ ಎತ್ತಿದಾಗ ಒತ್ತಿ, ಇಳಿಸಿದಾಗ ಬಿಡಬೇಕೆಂದು ಮಾತಾಯಿತು.

ಮೋಟಾರು ಗುಂಯ್ ಎಂದಿತು. ಸನಿಕೆ ಕಾಟಾವನ್ನು ಒತ್ತಿತು. ಆಸ್ಫಿಯಾ ಬಗ್ಗಿ ನೋಡಿದಳು, ಹದಿನೈದು.

ಮತ್ತೊಮ್ಮೆ ಕೈ ಎತ್ತಿದಳು. ಮತ್ತೆ ಹದಿನೈದೇ.

ಸನಿಕೆ ಜಾರಿದೆಯೇ ಎಂದು ನೋಡಿದಳು, ಜಾರಿರಲಿಲ್ಲ. ಕಾಟಾ ಕೆಟ್ಟಿದೆಯೇ ಎಂದು ತಾನೇ ಹತ್ತಿ ನಿಂತು ನೋಡಿದಳು, ಸರಿಯಾಗಿಯೇ ಇತ್ತು. ಕೂಲಿಯವರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾಸಿರ ತಲೆ ತಗ್ಗಿಸಿಕೊಂಡು ಟೆಂಪೋದ ಕಡೆ ನಡೆದ. ಒಂದು ಗಳಿಗೆ ಅವಳಿಗೂ ಅನುಮಾನ ಬಂತು: ಬೆಂಚಿನ ಮೇಲೆ ತಾನೇ ತಪ್ಪು ನೋಡಿದೆನೇ, ಈ ಹೆಂಗಸಿನ ಗಂಡನ ಕಾಲನ್ನು ತಾನೇ ತಿಂದೆನೇ ಎಂದು. ಸತ್ಯಮ್ಮ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು.

"ಎಲ್ಲಿ ಮೂವತ್ತು?" ಎಂದ ಕರಿಬಸವ. "ಅರ್ಧ ಐತಿ. ಪಾಲೂ ಅರ್ಧದಾಗೇ ನುಂಗಿದ್ರಿ, ದಮ್ಮೂ ಅರ್ಧದಾಗೇ ನುಂಗೀರಿ."

ಆ ಮಾತು ಅವಳಿಗೆ ನಾಟಿತು. ಆದರೆ ಅದರಲ್ಲಿದ್ದ ಅರ್ಧ ಎಂಬುದೇ ಅವಳನ್ನು ತಡೆದು ನಿಲ್ಲಿಸಿತು. ಮೋಟಾರು ಒಂದೇ, ಸನಿಕೆ ಒಂದೇ, ಕಾಟಾ ಒಂದೇ. ಬದಲಾದದ್ದು ಕರೆಂಟು ಮಾತ್ರ. ದಮ್ಮು ಅರ್ಧವಾಗಲು ವೋಲ್ಟೇಜ್ ಅರ್ಧ ಇಳಿಯಬೇಕಾಗಿಲ್ಲ, ಕಾಲು ಭಾಗದಷ್ಟು ಇಳಿದರೂ ಸಾಕು. ಪ್ಯಾನೆಲಿನ ಕಡೆ ಹೋಗಿ ನೋಡಿದಳು. ವೋಲ್ಟ್ ಮೀಟರಿನ ಗಾಜಿನ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ಒರೆಸಿದರೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು, ಹಿಂದಿನ ತಂತಿ ಬಿಚ್ಚಿದ್ದರು. ಅವಳು ತನ್ನ ಮೀಟರ್ ತಂದು, ಪ್ಯಾನೆಲಿಗೆ ಕರೆಂಟು ಬರುವ ತುದಿಗೇ ಹಚ್ಚಿ ಇನ್ನೊಮ್ಮೆ ಒತ್ತಲು ಹೇಳಿದಳು.

ಸುಮ್ಮನಿದ್ದಾಗಲೇ ಮುನ್ನೂರ ಐವತ್ತು ವೋಲ್ಟ್ ಇತ್ತು. ಬಟನ್ ಒತ್ತಿದ ಕೂಡಲೇ ಮುನ್ನೂರಕ್ಕೆ ಕುಸಿಯಿತು. ನಾನೂರಕ್ಕೂ ಮೇಲೆ ಇರಬೇಕಾದದ್ದು.

ಅವಳು ಮೀಟರನ್ನು ಎತ್ತಿ ಹಿಡಿದು, ಹೊಸ ಸಾಲನ್ನು ನಿಲ್ಲಿಸಿರಿ ಎಂದಳು. ಎರಡೂ ಸಾಲು ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ನಡೆಯುತ್ತಿವೆ, ಹೊಸದು ಕರೆಂಟನ್ನೆಲ್ಲ ಕುಡಿಯುತ್ತಿದೆ, ಹಳೆಯದಕ್ಕೆ ಉಸಿರೇ ಇಲ್ಲ, ಒಂದು ನಿಮಿಷ ಅದನ್ನು ನಿಲ್ಲಿಸಿದರೆ ಇಲ್ಲೇ ತೋರಿಸುತ್ತೇನೆ ಎಂದಳು.

ದೊಡ್ಡಬಸಪ್ಪ ಕರವಸ್ತ್ರ ತೆಗೆಯದೆ, ಅದು ಆಗುವುದಿಲ್ಲ ಎಂದ. ಪರೀಕ್ಷೆ ಮುಗಿಯಿತು, ಜನ ನೋಡಿಯಾಯಿತು, ಗಂಟುಮೂಟೆ ಕಟ್ಟಿಕೊಂಡು ಹೊರಡಿರಿ ಎಂದ. ಆಸ್ಫಿಯಾ ಕರಿಬಸವನನ್ನು ನೋಡಿದಳು. ಅವನು ಬೇರೆ ಕಡೆ ನೋಡುತ್ತಿದ್ದ. ಆ ಬೇರೆ ಕಡೆ ನೋಡುವುದರಲ್ಲೇ ಅವಳಿಗೆ ತಿಳಿದುಹೋಯಿತು, ಅವನಿಗೆ ಇದು ಮೊದಲೇ ಗೊತ್ತು.

"ನಿನಗ ಗೊತ್ತೈತಿ," ಎಂದಳು. "ವೋಲ್ಟೇಜ್ ಬೀಳೋದು ಗೊತ್ತಿದ್ದೇ ನನ್ನ ಮ್ಯಾಗ ಹಾಕಿದಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಗುಂಪಿನಿಂದ ಸತ್ಯಮ್ಮ ಹೊರಬಿದ್ದಳು. ಯಾರ ಕಡೆಯೂ ನೋಡದೆ ಹೊಸ ಬೆಲ್ಟಿನ ಕಡೆ ಸೀದಾ ನಡೆದಳು. ಕಾವಲಿನವನು ಲೇ, ಲೇ ಎಂದು ಹಿಂದೆ ಓಡಿದ. ಅವನು ಮುಟ್ಟುವ ಮೊದಲೇ ಅವಳು ಹಳದಿ ಹಗ್ಗವನ್ನು ಎರಡೂ ಕೈಯಿಂದ ಹಿಡಿದು, ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು.

ಬೆಲ್ಟು ನಿಂತಿತು. ಅದರ ಹಿಂದೆ ಕ್ರಷರೂ ಗರಗರ ಅನ್ನುತ್ತ ಇಳಿದು ನಿಂತಿತು. ಅಷ್ಟು ದಿನ ಆ ಅಂಗಳದಲ್ಲಿ ಕಿರುಚಿ ಮಾತಾಡಿದವರಿಗೆ ಆ ಮೌನವೇ ಭಯ ಹುಟ್ಟಿಸಿತು. ದೊಡ್ಡಬಸಪ್ಪ ಕುರ್ಚಿಯಿಂದ ಎದ್ದ. ಕಾವಲಿನವನು ಸತ್ಯಮ್ಮನ ರಟ್ಟೆ ಹಿಡಿದ, ಅವಳು ಹಗ್ಗ ಬಿಡಲಿಲ್ಲ.

"ಈಗ ಅಳತಿ ಮಾಡು," ಎಂದಳು ಅಲ್ಲಿಂದಲೇ, ಆಸ್ಫಿಯಾಗೆ.

ಆಸ್ಫಿಯಾ ಕೈ ಎತ್ತಿದಳು. ಕರಿಬಸವ ಬಟನ್ ಒತ್ತಲಿಲ್ಲ. ಅವಳು ಕೈ ಇಳಿಸಲಿಲ್ಲ. ಕೂಲಿಯವರೆಲ್ಲ ಈಗ ಅವನನ್ನೇ ನೋಡುತ್ತಿದ್ದರು. ಕೊನೆಗೆ ಅವನು ಹಲ್ಲು ಕಚ್ಚಿ ಒತ್ತಿದ.

ಸನಿಕೆ ಕಾಟಾಕ್ಕೆ ಗುದ್ದಿದ ಹಾಗೆ ಕೂತಿತು. ಮುಳ್ಳು ಇಪ್ಪತ್ತು ದಾಟಿತು, ಇಪ್ಪತ್ತೈದು ದಾಟಿತು, ಇಪ್ಪತ್ತೇಳಕ್ಕೆ ಬಂದು ನಿಂತಿತು. ಅವಳು ಕೂಲಿಯವರನ್ನು ಹತ್ತಿರ ಕರೆದು, ನೀವೇ ಓದಿರಿ ಎಂದಳು. ಗಾದಿಲಿಂಗಪ್ಪ ಎಂಬ ಮುದುಕ ಕೂಲಿಯವನು ಬಗ್ಗಿ ನೋಡಿ, ಗಟ್ಟಿಯಾಗಿ ಓದಿ ಹೇಳಿದ.

ಆಮೇಲೆ ನಡೆದದ್ದು ಆಸ್ಫಿಯಾ ಎಣಿಸಿದ ಹಾಗೆ ಇರಲಿಲ್ಲ. ಧಣಿ ಮುಖ ಕೆಡಿಸಿಕೊಳ್ಳುತ್ತಾನೆ, ಒದ್ದಾಡುತ್ತಾನೆ ಎಂದುಕೊಂಡಿದ್ದಳು. ದೊಡ್ಡಬಸಪ್ಪ ಹಾಗೇನೂ ಮಾಡಲಿಲ್ಲ. ಕರವಸ್ತ್ರ ಮಡಚಿ ಜೇಬಿಗಿಟ್ಟು, ತಣ್ಣಗೆ, ಹಾಗಾದರೆ ಅವತ್ತು ಬೆಲ್ಟಿನ ಮೇಲೆ ಮನುಷ್ಯನಿದ್ದಾಗ ಬಟನ್ ಒತ್ತಿದವರು ಯಾರು ಎಂದು ಕೇಳಿದ. ಕರಿಬಸವ ಒತ್ತಿದ್ದ. ಕೂಲಿಯವರಿಗೆಲ್ಲ ಅದು ಗೊತ್ತಿತ್ತು, ಆಸ್ಫಿಯಾಗೆ ಗೊತ್ತಾದದ್ದು ಆಗಲೇ.

"ಟ್ರಾನ್ಸ್‌ಫಾರ್ಮರ್ ಸಾಲಂಗಿಲ್ಲ ಅಂತ ಹೊಸ ಸಾಲು ಹಾಕೋ ಮುಂದನೇ ಹೇಳಿದ್ನೆಲ್ರಿ, ಧಣೇರ," ಎಂದ ಕರಿಬಸವ. "ಜನ ಇಳಿಯೋಗಂಟ ತಡೀತೀನಿ ಅಂದ್ರ, ಲಾರಿ ನಿಂತಾವ, ಒತ್ತು ಅಂತ ಫೋನಿನಾಗ ಹೇಳಿದವರು ನೀವ."

"ಯಾರು ಕೇಳ್ಯಾರ ಅದನ್ನ?" ಎಂದ ದೊಡ್ಡಬಸಪ್ಪ. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಹೇಳಿ ಕಾರು ಹತ್ತಿದ. ಕಾರು ಗೇಟು ದಾಟುವ ಮೊದಲೇ ಹೊಸ ಸಾಲು ಮತ್ತೆ ಶುರುವಾಯಿತು.

ಸನಿಕೆ ಬಿಚ್ಚುತ್ತಿದ್ದ ಆಸ್ಫಿಯಾಳ ಹತ್ತಿರ ಕರಿಬಸವ ಬಂದ. ಹೊಡೆಯುತ್ತಾನೆಂದೇ ನಾಸಿರ ನಡುವೆ ಬಂದು ನಿಂತ. ಕರಿಬಸವ ಹೊಡೆಯಲಿಲ್ಲ. ಉಸ್ತಾದರು, ನಿಮ್ಮಪ್ಪ, ಹಾಸಿಗೆ ಹಿಡಿದಾಗ ನನ್ನ ಅನ್ನ ಒಂದು ಸಲ ಕಿತ್ತುಕೊಂಡಿರಿ, ಇವತ್ತು ಎರಡನೇ ಸಲ ಎಂದ. ಅವಳು ತಿರುಗಿ ನೋಡದೆ, ಒಬ್ಬನ ಕಾಲು ಹೋಗಿದೆ, ನೀನು ಅನ್ನದ ಮಾತಾಡುತ್ತೀಯಾ ಎಂದಳು. ಅವನು ಉಗಿದು ಹೊರಟುಹೋದ. ಉಗುಳು ಅವಳ ಕಾಟಾದ ಮೇಲೆ ಬಿತ್ತು. ನಾಸಿರ ಒರೆಸಲು ಹೋದ, ಅವಳು ಬೇಡವೆಂದು ತಾನೇ ಒರೆಸಿದಳು.

ಅಂಗಡಿಯ ಹೆಸರು ಉಳಿಯಿತು, ಗಿರಾಕಿಗಳು ಉಳಿಯಲಿಲ್ಲ. ಆ ಮಳೆಗಾಲದ ಹೊತ್ತಿಗೆ ಗಣಿಗಳಿಂದ ಒಂದು ಮೋಟಾರೂ ಬರಲಿಲ್ಲ. ಧಣಿಗಳು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು, ಆ ಅಂಗಡಿಯ ಹೆಂಗಸು ಮೋಟಾರು ಅಳೆಯಲು ಬಂದು ಟ್ರಾನ್ಸ್‌ಫಾರ್ಮರ್ ಅಳೆಯುತ್ತಾಳೆ ಎಂದು. ನಾಸಿರ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಎತ್ತುತ್ತಿದ್ದ. ಇನ್ನು ಬೋರ್‌ವೆಲ್ ಪಂಪಿನ ಮೋಟಾರು ಕಟ್ಟಿಕೊಂಡು ಕೂತಿರು ಎನ್ನುತ್ತಿದ್ದ. ಅವರಿಬ್ಬರ ತಾಯಿ ರೋಷನಬಿ ಸುಮ್ಮನಿರಿಸಲು ನೋಡಿದರೆ ಅವಳ ಮೇಲೂ ರೇಗುತ್ತಿದ್ದ. ಮಾತು ನಿಂತಿದ್ದ ಕರೀಮಸಾಬ್ ಹಾಸಿಗೆಯಿಂದ ಒಬ್ಬರ ಮುಖವನ್ನು ನೋಡಿ ಇನ್ನೊಬ್ಬರ ಮುಖವನ್ನು ನೋಡುತ್ತಿದ್ದರು. ಆಸ್ಫಿಯಾ ಅವರ ಕಣ್ಣು ತಪ್ಪಿಸುತ್ತಿದ್ದಳು. ಆ ಕಣ್ಣು ಕೇಳುತ್ತಿದ್ದದ್ದು ಕರಿಬಸವನ ಪಾಲಿನ ವಿಷಯವೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಸತ್ಯಮ್ಮ ಮತ್ತೆ ಬಂದಳು. ಕ್ಷಮಿಸು ಎನ್ನಲಿಲ್ಲ. ಬೋರ್ಡು ಇನ್ನೂ ಜೋತಾಡುತ್ತಿತ್ತು, ಅದನ್ನೊಮ್ಮೆ ನೋಡಿ ಒಳಗೆ ಬಂದಳು. ಕಾರ್ಖಾನೆಗಳನ್ನು ನೋಡಿಕೊಳ್ಳುವ ಅಧಿಕಾರಿಯ ಮುಂದೆ ಗಂಡನ ಪರವಾಗಿ ದೂರು ಕೊಟ್ಟಿದ್ದೇನೆ, ಆ ದಿನ ಅಳೆದದ್ದನ್ನು ಬಂದು ಹೇಳಬೇಕು ಎಂದಳು. ಧಣಿಯ ಕಡೆಯವರು ಮನೆಯ ಮುಂದೆ ಬಂದು ಹೆದರಿಸಿ ಹೋಗಿದ್ದಾರೆ, ನಿನ್ನನ್ನೂ ಹೆದರಿಸಬಹುದು ಎಂದೂ ಹೇಳಿದಳು. ಬರುತ್ತೇನೆ ಎಂದಳು ಆಸ್ಫಿಯಾ. ಕರಿಬಸವನನ್ನೂ ಕರೆದೆಯಾ ಎಂದು ಕೇಳಿದಳು.

"ಕರೆದೀನಿ," ಎಂದಳು ಸತ್ಯಮ್ಮ. "ಅವನ್ನ ನೋಡಿದ್ರ ನನಗ ಮೈ ಉರೀತೈತಿ. ನಿನ್ನ ನೋಡಿದ್ರೂ ಉರೀತೈತಿ. ಆದ್ರ ನೀವಿಬ್ಬರೂ ಬರಬೇಕು."

ಆ ಕಚೇರಿಯ ಪಡಸಾಲೆಯಲ್ಲಿ ಒಂದೇ ಬೆಂಚು. ಕರಿಬಸವ ಮೊದಲೇ ಬಂದು ಒಂದು ತುದಿಯಲ್ಲಿ ಕೂತಿದ್ದ. ಆಸ್ಫಿಯಾ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ದುರುಗಪ್ಪ, ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕಾಲು, ಪಕ್ಕದಲ್ಲಿ ಊರುಗೋಲು. ಅವನು ಮೆತ್ತನೆಯ ಮನುಷ್ಯ. ಇಬ್ಬರನ್ನೂ ಊಟವಾಯಿತೇ ಎಂದು ಕೇಳಿದ. ಇಬ್ಬರೂ ಅವನಿಗೆ ಉತ್ತರ ಕೊಟ್ಟರು, ಒಬ್ಬರಿಗೊಬ್ಬರು ಮುಖ ತೋರಿಸಲಿಲ್ಲ.

ಧಣಿಯ ವಕೀಲ ಜಾಣ. ಬೆಂಚು, ಪಟ್ಟಾ, ಸನಿಕೆ ಎಲ್ಲ ಮನೆಯಲ್ಲಿ ಮಾಡಿಕೊಂಡ ಆಟಿಕೆಗಳು, ಅವುಗಳ ಅಳತೆಯನ್ನು ನಂಬುವುದು ಹೇಗೆ ಎಂದು ಅಧಿಕಾರಿಯನ್ನು ಕೇಳಿದ. ಅಧಿಕಾರಿ ಅದೇ ಪ್ರಶ್ನೆಯನ್ನು ಆಸ್ಫಿಯಾಗೆ ಹಾಕುವ ಮೊದಲು, ಅಷ್ಟು ಹೊತ್ತು ಸುಮ್ಮನಿದ್ದ ಕರಿಬಸವ ಎದ್ದು ನಿಂತ.

"ಆ ಬೆಂಚು ನಾನೇ ಕಟ್ಟಿದ್ದು, ಸರ್," ಎಂದ. "ಚಕ್ರದ ಅಳತಿ ನಂದು. ಸುಳ್ಳು ಹೇಳಂಗಿಲ್ಲ ಅದು. ಮೋಟಾರಿಗೆ ದಮ್ಮಿತ್ತು. ಬಟನ್ ಒತ್ತಿದವನು ನಾನು. ಒತ್ತಾಕ ಹೇಳಿದವರು ಧಣೇರು."

ಆಮೇಲೆ ಆಸ್ಫಿಯಾ ವೋಲ್ಟೇಜಿನ ವಿಷಯ ಹೇಳಿದಳು. ಹದಿನೈದಕ್ಕೆ ಏಳದ ಬೆಲ್ಟು, ಅದಿರು ಇಳಿದು ಹಗುರಾದ ಕೂಡಲೇ ಅದೇ ಹದಿನೈದಕ್ಕೆ ಹೇಗೆ ಜಗ್ಗನೆ ಏಳುತ್ತದೆ ಎಂದು ಮೇಜಿನ ಮೇಲೆ ಪೆನ್ನು, ಪೇಪರ್‌ವೇಟ್ ಇಟ್ಟು ತೋರಿಸಿದಳು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬಿದರು. ಒಬ್ಬರು ತಪ್ಪು ಹೇಳಿದ ತಾರೀಕನ್ನು ಇನ್ನೊಬ್ಬರು ತಿದ್ದಿದರು. ಹೊರಗಿನಿಂದ ನೋಡಿದವರು ಇವರನ್ನು ಒಂದೇ ಅಂಗಡಿಯವರು ಎಂದುಕೊಳ್ಳುವ ಹಾಗಿತ್ತು.

ಹೊರಗೆ ಬಂದ ಮೇಲೆ ಕರಿಬಸವ ಅವಳ ಪಕ್ಕದಿಂದಲೇ ಹಾದುಹೋದ. ಆ ಕ್ಷಣ ಅವಳ ಬಾಯಿಗೆ ಒಂದು ಮಾತು ಬಂದಿತ್ತು. ಪಾಲಿನ ವಿಷಯವೇ ಇರಬಹುದು, ಇನ್ನೇನೋ ಇರಬಹುದು. ನುಂಗಿಕೊಂಡಳು. ಅವನೂ ನಿಲ್ಲಲಿಲ್ಲ.

ಆದೇಶ ಬರಲು ಬಹಳ ಕಾಲ ಹಿಡಿಯಿತು. ಬಂದಾಗ, ಬೇರೆ ಟ್ರಾನ್ಸ್‌ಫಾರ್ಮರ್ ಹಾಕುವ ತನಕ ಹಳೆಯ ಸಾಲು ನಡೆಸಕೂಡದು, ಹಳೆಯ ಬೆಲ್ಟಿಗೂ ಹಗ್ಗ ಹಾಕಬೇಕು, ದುರುಗಪ್ಪನಿಗೆ ಪರಿಹಾರ ಕೊಡಬೇಕು ಎಂದಿತ್ತು. ದೊಡ್ಡಬಸಪ್ಪ ಮೇಲಿನ ಕಚೇರಿಗೆ ಹೋದ. ಅಲ್ಲಿಯೂ ಅದೇ ಉಳಿಯಿತು. ಸತ್ಯಮ್ಮ ಆ ಕ್ರಷರಿಗೆ ಮತ್ತೆ ಕಾಲಿಡಲಿಲ್ಲ. ಗಾಂಧಿನಗರದ ರಸ್ತೆ ಬದಿಯಲ್ಲಿ ಗಂಡ ಹೆಂಡತಿ ಮಿರ್ಚಿ ಬಂಡಿ ಹಾಕಿದರು. ಆಸ್ಫಿಯಾ ಆ ದಾರಿಯಲ್ಲಿ ಹೋದರೆ ದುರುಗಪ್ಪ ಕರೆದು ಕೊಡುತ್ತಿದ್ದ, ಸತ್ಯಮ್ಮ ಎಣ್ಣೆಯ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದಳು.

ಕರಿಬಸವ ಸಿರುಗುಪ್ಪದಲ್ಲಿ ಅಂಗಡಿ ಇಟ್ಟ. ತಾನೂ ಒಂದು ಬೆಂಚು ಕಟ್ಟಿದ, ಇವರದ್ದಕ್ಕಿಂತ ದೊಡ್ಡದು. ಅಲ್ಲಿನ ಅಕ್ಕಿ ಗಿರಣಿಗಳು ಒಂದೊಂದಾಗಿ ಇವರನ್ನು ಬಿಟ್ಟು ಅವನ ಕಡೆ ಹೋದವು. ಬಳ್ಳಾರಿಯ ಅಂಗಡಿಯ ತಕ್ಕಡಿಗಳು ಹಳೆಯವು, ಸ್ಪ್ರಿಂಗು ಸಡಿಲಾಗಿದೆ ಎಂದು ಅವನು ಹೇಳುತ್ತಾನೆಂದು ಸುದ್ದಿ ಬಂತು. ಆಸ್ಫಿಯಾ ತಕ್ಕಡಿಗಳನ್ನು ಇಳಿಸಿ, ಗೊತ್ತಿದ್ದ ತೂಕ ಹಾಕಿ ನೋಡಿದಳು. ಒಂದರಲ್ಲಿ ನಿಜಕ್ಕೂ ಒಂದಿಷ್ಟು ಸಡಿಲ ಇತ್ತು. ಅವನನ್ನು ಬೈಯುತ್ತಲೇ ಹೊಸದನ್ನು ತರಿಸಿದಳು.

ಒಂದು ಸುಗ್ಗಿಯಲ್ಲಿ ಸಿರುಗುಪ್ಪದ ಗಿರಣಿಯ ಒಡತಿ ದಾಕ್ಷಾಯಣಮ್ಮ ಒಂದು ಮೋಟಾರು ತಂದರು. ಹೊಸದಾಗಿ ಕಟ್ಟಿಸಿದ್ದು, ಗಿರಣಿಯಲ್ಲಿ ಏಳುತ್ತಿಲ್ಲ, ಕಟ್ಟಿದವನು ಮೋಸ ಮಾಡಿದ್ದಾನೆ ಅಂತ ಅನುಮಾನ ಎಂದರು. ಯಾರು ಕಟ್ಟಿದ್ದು ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸುರುಳಿಗಳ ತುದಿಗೆ ದಾರ ಬಿಗಿದ ರೀತಿಯಲ್ಲೇ ಆಸ್ಫಿಯಾಗೆ ಆ ಕೈ ಯಾರದೆಂದು ತಿಳಿಯಿತು. ನಾಸಿರನಿಗೂ ತಿಳಿಯಿತು. ಅವನು ತಂಗಿಯ ಕಿವಿಯ ಹತ್ತಿರ ಬಂದು, ಕೆಟ್ಟಿದೆ ಎಂದು ಒಂದು ಮಾತು ಹೇಳಿಬಿಡು, ಸಿರುಗುಪ್ಪದ ಗಿರಣಿಗಳೆಲ್ಲ ವಾಪಸ್ ಬರುತ್ತವೆ ಎಂದ.

ಅವಳು ಚಕ್ರ ಕೂರಿಸಿದಳು. ಪಟ್ಟಾ ಬಿಗಿದಳು. ಮುಳ್ಳು ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂತು, ಕೂದಲೆಳೆಯಷ್ಟು ಮೇಲೆಯೇ ಬಂತು. ಸಾಲದೆಂದು ಸನಿಕೆ ಕಟ್ಟಿ ಕಾಟಾದ ಮೇಲೆಯೂ ನೋಡಿದಳು. ಅಲ್ಲಿಯೂ ಕುಂದಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಸುತ್ತಿದ ಮೋಟಾರು ಆ ವರ್ಷ ಅವಳ ಬೆಂಚಿಗೆ ಬಂದಿರಲಿಲ್ಲ, ಅದಕ್ಕೇ ಅವಳಿಗೆ ಸಿಟ್ಟು ಇನ್ನೂ ಹೆಚ್ಚಾಯಿತು.

"ಮೋಟಾರು ಚಲೋ ಐತ್ರಿ," ಎಂದಳು ದಾಕ್ಷಾಯಣಮ್ಮನಿಗೆ. "ಗಿರಣಿಯಾಗ ವೋಲ್ಟೇಜ್ ನೋಡಿಸ್ರಿ. ಕಟ್ಟಿದವನ ಹೆಸರು ಮಾತ್ರ ನನ್ನ ಮುಂದ ಎತ್ತಬ್ಯಾಡ್ರಿ."

ನಾಸಿರ ಕೈಯಲ್ಲಿದ್ದ ಸುತ್ತಿಗೆಯನ್ನು ಮೂಲೆಗೆ ಎಸೆದು ಹೊರಗೆ ಹೋದ. ದಾಕ್ಷಾಯಣಮ್ಮ ಮೋಟಾರನ್ನು ಗಾಡಿಗೆ ಹೇರಿಸಿಕೊಂಡು ಹೊರಟರು. ಆಸ್ಫಿಯಾ ಚಕ್ರದಲ್ಲಿ ಉಳಿದ ಬಿಸಿ ನೀರನ್ನು ಮೋರಿಗೆ ಚೆಲ್ಲಿ, ಕಾಯುತ್ತಿದ್ದ ಪಂಪಿನ ಮೋಟಾರನ್ನು ಬೆಂಚಿನ ಮೇಲೆ ಎಳೆದುಕೊಂಡಳು.